ಕೋತಿ ಬೀಳುವ ಆಟ

18 ನವೆಂಬರ್ 2006, ಶನಿವಾರ

ಯಾವ ಆಟ ಎಂದು ಇನ್ನೂ ತೀರ್ಮಾನವಾಗಿಲ್ಲ. ಸೋಮವಾರದಿಂದ ನಮ್ಮ ಮೂರನೇ ಕ್ಲಾಸಿನವರಿಗೆ ಬಾಳ್ಳುಪೇಟೆಯ ಶಫಿಯವರ ಸೈಬರ್ ಸೆಂಟರಿನಲ್ಲಿ ವಾರಕ್ಕೊಂದು ಗಂಟೆ ಲೆಕ್ಕದ ಆಟ. ಆರಿಸುವ ಕೆಲಸವನ್ನು ಹೆಡ್‌ಮಾಸ್ಟರು ನನ್ನ ತಲೆಗೇ ಕಟ್ಟಿದ್ದಾರೆ.

ಬೆಳಗಿನ ಶಾಲೆ ಮುಗಿಸಿ ಹೇಮಶ್ರೀಯನ್ನು ಕರೆದುಕೊಂಡು ಹೋದೆ. ಕ್ಲಾಸಿನಲ್ಲಿ ಏನು ಕೇಳಿದರೂ ಬಾಯಿ ಬಿಡದ ಹುಡುಗಿ. ಅವಳಿಗೆ ಆಡಲು ಬಂದರೆ ಎಲ್ಲರಿಗೂ ಬಂದೀತು ಎಂದುಕೊಂಡಿದ್ದೆ.

ಮೊದಲನೆಯ ಆಟದಲ್ಲಿ ಸರಿ ಉತ್ತರಕ್ಕೆ ನಕ್ಷತ್ರ, ಕೊನೆಯಲ್ಲಿ ಅಂಕ. ಅಚ್ಚುಕಟ್ಟಾಗಿದೆ. ಅವಳು ಮೌಸನ್ನು ಮುಟ್ಟಲೇ ಇಲ್ಲ. ಎರಡನೆಯದರಲ್ಲಿ ಉತ್ತರ ಸರಿಯಾದರೆ ಕೋತಿಗೆ ಬಾಳೆಹಣ್ಣು, ತಪ್ಪಾದರೆ ಕೊಂಬೆ ಮುರಿದು ಅದು ಕೆರೆಗೆ ದೊಪ್ಪನೆ ಬೀಳುತ್ತದೆ. ಹೇಮಶ್ರೀ ಒಂದೇ ಸಮನೆ ತಪ್ಪು ಒತ್ತಿದಳು. ಏಳಕ್ಕೆ ಎಂಟು ಕೂಡಿಸಿದರೆ ಹನ್ನೊಂದಂತೆ! ಕೋತಿ ಬಿದ್ದಾಗಲೆಲ್ಲ ಕಿಲಕಿಲ ನಗು.

"ಮಗೀಗೆ ಲೆಕ್ಕಕ್ಕಿಂತ ಕೋತೀನೇ ಚೆನ್ನಾಗೈತೆ ಬಿಡಿ ಮೇಡಂ," ಎಂದರು ಶಫಿ. ನನಗೆ ರೇಗಿತು.

"ಏಳೂ ಎಂಟೂ ಎಷ್ಟು ಅಂತ ಗೊತ್ತಿಲ್ವೇನೇ?"

"ಹದಿನೈದು ಮಿಸ್," ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಅದುನ್ನ ಒತ್ತಿದ್ರೆ ಕೋತಿ ಬೀಳಕಿಲ್ವಲ್ಲ!"

ಮುಂದಿನದನ್ನು ಕೇಳಿದೆ. ಅದರ ಮುಂದಿನದನ್ನೂ ಕೇಳಿದೆ. ಬಾಯಲ್ಲಿ ಎಲ್ಲವೂ ಸರಿ, ಬೆರಳಲ್ಲಿ ಎಲ್ಲವೂ ತಪ್ಪು.

ಜೂನ್‌ನಿಂದ ನನ್ನ ಕ್ಲಾಸಿನಲ್ಲಿದ್ದಾಳೆ. ಅವಳ ದನಿ ಸರಿಯಾಗಿ ಕೇಳಿದ್ದು ಇವತ್ತೇ.

ಹೆಡ್‌ಮಾಸ್ಟರಿಗೆ ನಕ್ಷತ್ರದ ಆಟವೇ ಹಿಡಿಸುತ್ತದೆ, ಗೊತ್ತು. ಆದರೂ ಕೋತಿಯದ್ದೇ ಇರಲಿ. ಹುಡುಗಿಗೆ ಎಷ್ಟು ಅಂಕ ಬಂತು ಎಂದು ಅವರು ಕೇಳಿದರೆ ಸೊನ್ನೆ ಎನ್ನಬೇಕಾಗುತ್ತದೆ.

ಎನ್ನುತ್ತೇನೆ.