ಮಾಗಳಿ ಬಳ್ಳಿ ಹೂಬಿಟ್ಟಿದೆ

ಕೈಲಾಂಚ
೧೪ ಮೇ ೨೦೨೫

ಮುದ್ದಿನ ಸೊಸೆ ಪದ್ಮಶ್ರೀಗೆ ನಿನ್ನತ್ತೆ ಚಿನ್ನಮ್ಮನ ಆಶೀರ್ವಾದ.

ಹೇಗಿದ್ದೀಯಮ್ಮಾ? ಕಾಲಿನ ಊತ ಇಳಿಯಿತೆ? ಚನ್ನಪಟ್ಟಣದ ಸೆಕೆಯಲ್ಲಿ ಮಹಡಿ ಹತ್ತಿ ಇಳಿಯಬೇಡ. ತವರಿನಲ್ಲಿದ್ದೀಯ, ಕೆಲಸ ಅವರು ನೋಡಿಕೊಳ್ಳಲಿ. ಇಲ್ಲಿ ನಾನು, ನಿನ್ನ ಗಂಡ ಯೋಗಾನಂದ, ಹಸುಗಳು ಎಲ್ಲ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯೆಂದು ಕಾಗದ ಬರೆಯುತ್ತಿದ್ದೇನೆ.

ಮಾಗಳಿ ಬೇರಿನ ಉಪ್ಪಿನಕಾಯಿ ತಿನ್ನುವ ಆಸೆ ಎಂದೆಯಲ್ಲ, ಮೊದಲು ನಗು ಬಂತು. ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುವ ನೀನೇ ತಾನೆ, ನಮ್ಮ ಹೊಲದ ಬಂಡೆ ಸಂದಿಯ ಮಾಗಳಿ ಬಳ್ಳಿಗೆ ಕೆಂಪು ಬಟ್ಟೆ ಕಟ್ಟಿ, ಯಾರೂ ಮುಟ್ಟಕೂಡದು ಎಂದವಳು? ಮಾಗಳಿ ಅಳಿವಿನಂಚಿನ ಪಟ್ಟಿ ಸೇರಿದೆ, ಅದೇ ಘಮದ ಬೇರಿನ ಸೊಗದೆ ಬಳ್ಳಿಗೆ ಸದ್ಯ ಆ ಭಯವಿಲ್ಲ ಎಂದೂ ಹೇಳಿದ್ದೆ. ಬರಬರುತ್ತ ನನಗೆ ಚಿಂತೆ ಹತ್ತಿತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ. ನೀನು ನಂಬುವುದಿಲ್ಲ, ನಾನು ನಂಬುತ್ತೇನೆ. ರಾಮನಗರದ ಸಂತೆಯಲ್ಲಿ ಹುಡುಕಿಸಿದೆ, ಬೇರು ಸಿಗಲಿಲ್ಲ.

ಕೊನೆಗೆ ಪಕ್ಕದ ಮನೆ ಮಾರಕ್ಕನನ್ನು ಕರೆದುಕೊಂಡು, ಹಾರೆ ಹಿಡಿದು ಬಂಡೆ ಹತ್ತಿರ ಹೋದೆ. ನೋಡಿದರೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಳ್ಳಿಯ ತುಂಬ ಸಣ್ಣ ಹೂ. "ಇದೂ ಬಸ್ರಿ ಕಣಕ್ಕ, ಕಾಯಿ ಕಟ್ಲಿ ಬುಡು," ಎಂದಳು ಮಾರಕ್ಕ. ನನ್ನ ಕೈ ಏಳಲಿಲ್ಲ. ಮಾಗಳಿಯ ಗೆಡ್ಡೆ ಅಗೆದರೆ ಬಳ್ಳಿಯ ಕಥೆಯೇ ಮುಗಿಯಿತು. ಸೊಗದೆ ಹಾಗಲ್ಲ, ಒಂದು ತುಂಡು ಬೇರು ಉಳಿದರೂ ಮತ್ತೆ ಚಿಗುರುತ್ತದೆ. ಘಮ ಎರಡರದೂ ಒಂದೇ ಅಲ್ಲವೆ ಎಂದು ಬದುವಿನ ಮೇಲಿದ್ದ ಸೊಗದೆ ಅಗೆದು ತಂದು ಉಪ್ಪಿನಕಾಯಿ ಹಾಕಿದೆ. ಅಯ್ಯೋ ಪದ್ಮಾ, ಹಗ್ಗ ಅಗಿದ ಹಾಗಿತ್ತು! ಯೋಗಾನಂದ ಬಾಯಿಗಿಟ್ಟವನು, "ಅವ್ವಾ, ಇದರಲ್ಲಿ ಹಸು ಕಟ್ಬೋದು," ಎಂದ.

ಬೀಗರಿಗೆ ನನ್ನ ನಮಸ್ಕಾರ ಹೇಳು. ಕಬ್ಬಾಳಮ್ಮ ತಾಯಿ ಮಗುವನ್ನೂ ನಿನ್ನನ್ನೂ ಕಾಯಲಿ.

ನಿನ್ನ ಅತ್ತೆ,
ಚಿನ್ನಮ್ಮ

ಬರೆಯಲು ಮರೆತೆ: ಯೋಗಾನಂದ ಈ ಕಾಗದದ ಜೊತೆ ಒಂದು ಜಾಡಿ ತರುತ್ತಾನೆ. ನಿನ್ನ ಮಾವ ತಾವು ತೀರಿಕೊಂಡ ವರ್ಷವೇ ಬೆಟ್ಟದಿಂದ ಮಾಗಳಿ ಬೇರು ತಂದು, ತಾವೇ ಕೂತು ಹೆಚ್ಚಿಕೊಟ್ಟು ಹಾಕಿಸಿದ ಉಪ್ಪಿನಕಾಯಿ ಅದು. ಅವರು ಹೋದಮೇಲೆ ಅದರ ಮುಚ್ಚಳ ತೆಗೆಯಲು ನನಗೆ ಮನಸ್ಸಾಗಿರಲಿಲ್ಲ. ನಿನ್ನೆ ತೆಗೆದೆ. ನಿಂಬೆರಸದಲ್ಲಿ ಊರಿದ್ದು, ಕೆಟ್ಟಿಲ್ಲ. ನನಗೆಂದು ಒಂದು ಹೋಳೂ ಉಳಿಸಬೇಡ ಕಂದಾ, ಅಷ್ಟನ್ನೂ ನೀನೇ ತಿಂದುಬಿಡು.