ಕಾತ್ರಜ ಶಾಖೆಯ ತಪಾಸಣೆ

ಪುಣೆ,
೨ ಮೇ ೨೦೦೧

ಪ್ರೀತಿಯ ಶರಣಮ್ಮನವರಿಗೆ, ನಿಮ್ಮ ಅಂಬಾ ಮಾಡುವ ನಮಸ್ಕಾರಗಳು.

ನಮ್ಮ ಸೇವಾಸಂಘದ ಪ್ರಾಂತ ಕಚೇರಿಯಿಂದ ಟೈಪು ಮಾಡಿದ ಕಾಗದ ಬಂದಿರಬೇಕು. ನಿಮ್ಮ ಕಾತ್ರಜ ಶಾಖೆಯನ್ನು ವಿಸರ್ಜಿಸಲಾಗಿದೆ. ಕೆಳಗಿನ ಸಹಿ ನನ್ನದೇ. ಪ್ರಾಂತ ಕಾರ್ಯದರ್ಶಿಯಾದ ಮೇಲೆ ಹಾಕದೆ ಗತಿಯಿಲ್ಲ. ಆದರೆ ಗೆಳತಿಯಾಗಿ ನಾಲ್ಕು ಮಾತು ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ಎಂದಿನಂತೆ ನಿಮ್ಮ ಸೊಸೆ ರೇಣು ಓದಿ ಹೇಳಲಿ.

ನಿಯಮ ನಿಮಗೂ ಗೊತ್ತು. ವರ್ಷದ ತಪಾಸಣೆಯ ದಿನ ಇಪ್ಪತ್ತು ಸದಸ್ಯೆಯರು ಎದುರಿಗಿರಬೇಕು. ಏಪ್ರಿಲ್ ೨೩ಕ್ಕೆ ನಾವು ಬಂದರೆ, ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗೆಂದು ನೀವು ಕಟ್ಟಿದ ಪಾಳಣಾಘರದಲ್ಲಿ ಗಾರೆ ಕೆಲಸದವರ ನಾಲ್ಕು ಕೂಸುಗಳು, ನೋಡಿಕೊಳ್ಳಲು ಮುದುಕಿ ರಂಗೂಬಾಯಿ, ಅಷ್ಟೇ. ‘ಸೋಮವತಿ ಅಮಾಸಿ ಅಲ್ಲೇನ್ರಿ, ಎಲ್ಲಾರೂ ಜೇಜುರಿ ಜಾತ್ರಿಗೆ ಹೋಗ್ಯಾರ’ ಎಂದಳು.

ಮೂರು ವಾರ ಮೊದಲೇ ಕಾರ್ಡು ಹಾಕಿ ಆ ದಿನ ಆದೀತೇ ಎಂದು ಕೇಳಿದ್ದೆವು. ‘ಅನುಕೂಲ ಅದ’ ಎಂದು ಶಾಖೆಯ ಮೊಹರಿನೊಂದಿಗೆ ಉತ್ತರ ಬಂತು. ಅಂಥ ಕಾರ್ಡು ಬಂದದ್ದೇ ಗೊತ್ತಿಲ್ಲವೆಂದು ನೀವು ಕಚೇರಿಯ ಮೆಟ್ಟಿಲ ಮೇಲೆ ಅತ್ತಿರಂತೆ. ಪಾಪ. ಅಧ್ಯಕ್ಷರಾದ ರಘುರಾಮರಿಗೆ ನಾನು ಹೇಳಿ ನೋಡಿದೆ. ಜೋರಾಗಿ ಹೇಳಲಿಲ್ಲ, ಅದು ನಿಜ.

ಡಿಸೆಂಬರಿನ ಅಧಿವೇಶನ ನೆನಪಿದೆಯೇ? ಕೂಲಿಯವರ ಶಾಖೆಗಳಿಗೆ ಪ್ರಾಂತ ಸಮಿತಿಯಲ್ಲಿ ಮತವಿಲ್ಲವೆಂದು ಇನ್ನೂರು ಜನರೆದುರು ಎದ್ದು ನಿಂತಿರಿ. ‘ಕೆಲಸಕ್ಕ ನಾವು ಬೇಕು, ಓಟಿಗಿ ಬ್ಯಾಡೇನ್ರಿ ಅಕ್ಕಾರ?’ ಎಂದು ನನ್ನನ್ನೇ ಕೇಳಿದಿರಿ. ಚಪ್ಪಾಳೆಯೋ ಚಪ್ಪಾಳೆ. ಹತ್ತು ವರ್ಷ ನಿಮ್ಮ ಅರ್ಜಿ ಬರೆದುಕೊಟ್ಟವಳು ನಾನು. ಸಭೆಗೆಂದು ನಾನು ಕೊಟ್ಟ ಇಳಕಲ್ ಸೀರೆ ಉಟ್ಟೇ ಕೇಳಿದಿರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನಗೆ ತುಂಬಾ ನೋವಾಗಿತ್ತು, ಶರಣಮ್ಮ.

ಪಾಳಣಾಘರದ ಚಿಂತೆ ಬಿಡಿ, ಹೊಸ ಶಾಖೆ ನಡೆಸುತ್ತದೆ. ವಿಸರ್ಜನೆಯಾದ ಶಾಖೆಯ ಮುಖ್ಯಸ್ಥೆಯನ್ನು ಮಾತ್ರ ಮೂರು ವರ್ಷ ಸದಸ್ಯೆ ಮಾಡಿಕೊಳ್ಳುವಂತಿಲ್ಲ. ಕೂಸುಗಳನ್ನು ಎತ್ತಿಕೊಳ್ಳಲೆಂದು ಆ ಕಡೆ ಹೋಗಬೇಡಿ. ಹೊರಗಿನವರಿಗೆ ಪ್ರವೇಶವಿಲ್ಲವೆಂದು ಬಾಗಿಲಿಗೆ ಬೋರ್ಡು ಹಾಕಿಸಿದ್ದೇನೆ.

ಬಿಸಿಲು ಬಹಳ, ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಒಳಿತನ್ನೇ ಬಯಸುವ,
ಅಂಬಾ

ತಾ.ಕ.: ರೇಣು, ಗಟ್ಟಿಯಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸು. ಹೊಸ ಶಾಖೆಯ ಮುಖ್ಯಸ್ಥೆ ನೀನೇ ಎಂದು ನಿನ್ನೆ ತೀರ್ಮಾನವಾಯಿತು, ಕೊಟ್ಟ ಮಾತಿಗೆ ತಪ್ಪಿಲ್ಲ. ಮುಂದಿನ ಅಧಿವೇಶನದಲ್ಲಿ ನೀನು ಎದ್ದು ನಿಂತು ಏನನ್ನೂ ಕೇಳುವುದಿಲ್ಲ ಎಂದುಕೊಂಡಿದ್ದೇನೆ. ‘ಅನುಕೂಲ ಅದ’ ಎಂದು ನೀನು ಬರೆದ ಆ ಕಾರ್ಡು ನನ್ನ ಹತ್ತಿರವೇ ಇದೆ. ನಿನ್ನ ಅತ್ತೆಗೆ ಓದಲು ಬಾರದಿದ್ದರೇನು, ನಿನ್ನ ಗಂಡನಿಗೆ ಬರುತ್ತದೆ.