ಕೆಂಡಕ್ಕೆ ಎದ್ದ ಕಾಲು

ಕಾನಹೊಸಹಳ್ಳಿ
15-2-1999, ಸೋಮವಾರ

ಪ್ರೀತಿಯ ನಾಗೇಂದ್ರಣ್ಣಾ,

ಈಗ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ತಮ್ಮ ಹುಲುಗೇಶನ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿ, ಹಾಸಿಗೆಯ ಬಟ್ಟೆ ಒಗೆದು ಹಾಕುವಷ್ಟರಲ್ಲಿ ಹೊತ್ತು ಇಷ್ಟಾಯಿತು. ನಿನ್ನ ಮೊಣಕಾಲು ನೋವು ಹೇಗಿದೆ? ಅತ್ತಿಗೆಯ ಕೆಮ್ಮು ಕಡಿಮೆಯಾಯಿತೇ? ಹಡಗಲಿಯ ನೀರು ಆಕೆಗೆ ಒಗ್ಗುವುದಿಲ್ಲ ಎಂದು ಅವ್ವ ಆವಾಗಲೇ ಹೇಳುತ್ತಿದ್ದಳು. ಅವ್ವನ ಎಲೆ ಅಡಿಕೆ ಚೀಲ ಇನ್ನೂ ಗೂಟದಲ್ಲೇ ಇದೆ. ತೆಗೆದಿಡಬೇಕು ಎಂದುಕೊಳ್ಳುತ್ತೇನೆ, ಕೈ ಹೋಗುವುದಿಲ್ಲ.

ಅಣ್ಣಾ, ಅವ್ವನನ್ನು ಮಣ್ಣು ಮಾಡಿ ಹೋದವನು ನೀನು ಮತ್ತೆ ಈ ಕಡೆ ಬರಲಿಲ್ಲ. ಕಾರಣ ನನಗೆ ಗೊತ್ತು. ಅವತ್ತು ಅವ್ವನ ತಲೆಯ ಹತ್ತಿರ ಇಟ್ಟಿದ್ದ ಲೋಬಾನದ ಕೆಂಡ ಸಿಡಿದು ಹುಲುಗನ ಪಾದದ ಮೇಲೆ ಬಿತ್ತು. ಏಳಲಾರೆ ಎಂದು ಮಲಗಿದ್ದವನ ಕಾಲು ಮಂಡಿ ಮಡಚಿ ಎದ್ದುಬಿಟ್ಟಿತು. ನೆರೆದವರೆಲ್ಲ ನೋಡಿದರು. ಆಗ ನೀನು ಆಡಿದ ಮಾತು ಈ ಮನೆಯ ಗೋಡೆಯಲ್ಲೇ ಉಳಿದಿದೆ: "ಅವ್ವಗ ಹೆಗಲು ಕೊಡಾಕ ಏಳದ ಕಾಲು, ಕೆಂಡಕ್ಕ ಹೆಂಗ ಎದ್ದೀತಲೇ?" ಹುಲುಗ ಉತ್ತರ ಕೊಡಲಿಲ್ಲ. ಉತ್ತರ ಕೊಡದವನು ಕಳ್ಳ ಎಂದು ಊರು ತೀರ್ಮಾನ ಮಾಡಿತು. ಸೋಗು ಹಾಕಿ ಮಲಗಿದ ಮಗನ ಚಿಂತೆಯಲ್ಲೇ ಓಬಮ್ಮ ಸತ್ತಳು ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಎದುರಿಗೇ ಆಡುತ್ತಾರೆ.

ನಿನ್ನ ಮಾತು ನನ್ನೊಳಗೂ ಇಳಿದಿತ್ತು. ಹೋದ ವರ್ಷ ಹುಣಸೆ ಮರದಿಂದ ಬಿದ್ದ ಹೊಸದರಲ್ಲಿ ಅವನ ಕಾಲುಗಳು ನೆನೆದ ಚೀಲದ ಹಾಗೆ ಬಿದ್ದಿರುತ್ತಿದ್ದವು, ಮುಟ್ಟಿದರೂ ಮಿಸುಕುತ್ತಿರಲಿಲ್ಲ. ಮಳೆಗಾಲ ಬರುವಷ್ಟರಲ್ಲಿ ಒಮ್ಮೊಮ್ಮೆ ಅದುರತೊಡಗಿದವು. ಅವ್ವ ಖುಷಿಪಟ್ಟಳು, ನಾನು ಅನುಮಾನಪಟ್ಟೆ. ನೀನು ಹಾಗೆ ಅಂದು ಹೋದ ಮೇಲೆ ಅವನ ಕಾಲಿನ ಹತ್ತಿರ ಚಾದರದ ಮೇಲೆ ಜೋಳದ ಕಾಳು ಸಾಲಾಗಿ ಇಟ್ಟು ನೀರಿಗೆ ಹೋಗುತ್ತಿದ್ದೆ. ಬಂದು ನೋಡಿದರೆ ಕಾಳು ನೆಲದ ಮೇಲಿರುತ್ತಿದ್ದವು. ನಾನಿಲ್ಲದಾಗ ಎದ್ದು ಓಡಾಡುತ್ತಾನೆ ಎಂದೇ ತಿಳಿದಿದ್ದೆ. ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಅವನು ಜಂತೆ ನೋಡುತ್ತಾ ಮಲಗಿರುತ್ತಿದ್ದ, ಅಷ್ಟೇ. "ಯಾಕಕ್ಕ, ಅಲ್ಲೇ ನಿಂತಿ? ಒಳಗ ಬಾ" ಅನ್ನುತ್ತಿದ್ದ. ಅದೂ ನನಗೆ ಜಾಣತನದಂತೆ ಕಾಣುತ್ತಿತ್ತು.

ಕಳೆದ ಬುಧವಾರ ಒಂದು ಸಂಗತಿ ನಡೆಯಿತು. ಅವನ ಕಾಲು ತೊಳೆಯಲು ನೀರು ಕಾಯಿಸಿದ್ದೆ, ತಣ್ಣೀರು ಬೆರೆಸುವುದು ಮರೆತೆ. ಸುರಿದ ಕೂಡಲೇ ಹೆಬ್ಬೆರಳು ಮೇಲೆದ್ದು ಮಂಡಿ ಮಡಚಿತು. ಈಗ ಸಿಕ್ಕಿಬಿದ್ದ ಎಂದು ತಟ್ಟನೆ ಮುಖ ನೋಡಿದೆ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೇಳಿದ: "ನೀರು ಕಾದಾವೇನಕ್ಕ? ಜಲ್ದಿ ತೊಳದುಬಿಡು, ನೊಣ ಕುಂದರ್ತಾವ."

ಅಣ್ಣಾ, ಮುಖವನ್ನು ಬಿಗಿ ಹಿಡಿಯುವವರು ಇದ್ದಾರು. ಆದರೆ ಕಾಲು ಬೆಂದು ಕೆಂಪಾಗುತ್ತಿರುವಾಗ, ನೀರು ಕಾದಿದೆಯೇ ಎಂದು ಕೇಳುವ ನಾಟಕ ಯಾರಿಗೆ ಬಂದೀತು? ಸಂಜೆಗೆ ಬೊಬ್ಬೆ ಎದ್ದವು. ತೋರಿಸಿದಾಗಲೇ ಅವನಿಗೆ ತಿಳಿದದ್ದು.

ಮರುದಿನ ಪಕ್ಕದ ಮನೆಯ ಜೋಗಮ್ಮನನ್ನು ಅವನ ಹತ್ತಿರ ಕೂರಿಸಿ, ಕೂಡ್ಲಿಗಿಗೆ ಹೋಗಿ ಹೆಣ್ಣು ಡಾಕ್ಟರನ್ನು ಕಂಡೆ. ಅವನ ಎಕ್ಸ್‌ರೇ ಒಯ್ದಿದ್ದೆ. ಆಕೆ ಅದನ್ನು ಬೆಳಕಿಗೆ ಹಿಡಿದು ವಿವರಿಸಿದರು. ತಲೆಯೊಳಗಿನ ಮಿದುಳಿನಿಂದ ಒಂದು ಹುರಿ ಇಳಿದು ಬೆನ್ನೆಲುಬಿನ ತೂತಿನೊಳಗೆ ಸೊಂಟದವರೆಗೆ ಬರುತ್ತದಂತೆ. ಕಿರುಬೆರಳಿಗಿಂತ ದಪ್ಪವಿಲ್ಲ. ಅದೇ ಬೆನ್ನುಹುರಿ. ಹಬ್ಬಕ್ಕೆ ಕುರಿ ಕೊಯ್ದಾಗ ಬೆನ್ನಿನ ತುಂಡಿನಲ್ಲಿ ಬಿಳಿಯ ಮೆತ್ತನೆಯ ಹುರಿ ಇರುತ್ತಿತ್ತಲ್ಲ, ಅದಕ್ಕಾಗಿ ನೀನೂ ಹುಲುಗನೂ ಕಿತ್ತಾಡುತ್ತಿದ್ದಿರಿ. "ಸಣ್ಣಾವಂಗ ಬಿಡಲೇ, ಕೋಣ ಬೆಳದಂಗ ಬೆಳದಿ" ಎಂದು ಅವ್ವ ನಿನ್ನ ಕೈಗೆ ಸೌಟಿನಿಂದ ಬಡಿಯುತ್ತಿದ್ದಳು. ನಮ್ಮೊಳಗೂ ಅಂಥದ್ದೇ ಇದೆ. ಎಲುಬಿನ ಸಂದುಗಳಿಂದ ಎಡಕ್ಕೊಂದು ಬಲಕ್ಕೊಂದು ನರ ಹೊರಡುತ್ತವೆ. ಮೇಲಿನವು ಕೈಗೆ, ನಡುವಿನವು ಎದೆಗೆ ಹೊಟ್ಟೆಗೆ, ಕೆಳಗಿನವು ಕಾಲಿಗೆ ಮತ್ತು ಮೂತ್ರದ ಚೀಲಕ್ಕೆ. ಹುಲುಗನ ಹುರಿ ಜಜ್ಜಿಹೋಗಿರುವುದು ಭುಜದ ಹಿಂದಿನ ರೆಕ್ಕೆ ಎಲುಬುಗಳ ಕೆಳಗೆ. ಅಲ್ಲಿಂದ ಮೇಲೆ ಎಲ್ಲ ಸರಿ ಇದೆ. ಅಲ್ಲಿಂದ ಕೆಳಗೆ ಹುರಿಗೆ ಜೀವವಿದೆ, ಆದರೆ ತಲೆಯ ಮಾತು ಅಲ್ಲಿಗೆ ಇಳಿಯುವುದಿಲ್ಲ, ಅಲ್ಲಿಯ ಸುದ್ದಿ ತಲೆಗೆ ಏರುವುದಿಲ್ಲ.

"ಹಂಗಾದ್ರ ಕಾಲು ಯಾರ ಮಾತು ಕೇಳಿ ಎಳಕೊಂತತ್ರಿ?" ಎಂದೆ. ನಾನು ಜಗಳಕ್ಕೆ ಬಂದವಳ ಹಾಗೆ ಕೇಳಿರಬೇಕು, ಆಕೆ ನಕ್ಕರು. ಪಾದ ಸುಟ್ಟರೆ ಸುದ್ದಿ ಮೊದಲು ಸೊಂಟದ ಹತ್ತಿರ ಹುರಿಗೆ ಮುಟ್ಟುತ್ತದೆ. ಕಾಲು ಎಳೆದುಕೋ ಎಂದು ಹುರಿಯೇ ಹೇಳಿಬಿಡುತ್ತದೆ, ತಲೆಯನ್ನು ಕೇಳುತ್ತಾ ಕೂರುವುದಿಲ್ಲ. ಬಿದ್ದ ಹೊಸದರಲ್ಲಿ ಪೆಟ್ಟಿಗೆ ಬೆದರಿ ಅದೂ ಸುಮ್ಮನಿರುತ್ತದೆ, ತಿಂಗಳುಗಳು ಕಳೆದ ಮೇಲೆ ಹೀಗೆ ಎಚ್ಚರವಾಗುತ್ತದೆ. ಯಾರೂ ಮುಟ್ಟದಿದ್ದರೂ ಒಮ್ಮೊಮ್ಮೆ ಅದುರುವುದು ಅದಕ್ಕೇ. "ನಿಮ್ಮ ಕೈನೂ ಹಂಗ ಮಾಡತೈತಮ್ಮಾ. ಹಂಚು ಮುಟ್ಟಿದಾಗ ಮೊದಲು ಏನಾಗತೈತಿ ನೋಡ್ರಿ" ಎಂದರು.

ಆಕೆಯ ಮಾತನ್ನೂ ನಾನು ಒಮ್ಮೆಗೇ ನಂಬಲಿಲ್ಲ. ರೊಟ್ಟಿ ಮಾಡುವಾಗ ಬೇಕೆಂದೇ ಹಂಚಿನ ಅಂಚಿಗೆ ಬೆರಳು ತಾಗಿಸಿದೆ. ಕೈ ಹಿಂದಕ್ಕೆ ಬಂದಿತ್ತು, ಉರಿ ಆಮೇಲೆ ಬಂತು. ನೀನೂ ನೋಡು. ಅವತ್ತು ಕೆಂಡ ಬಿದ್ದಾಗ ಹುಲುಗನ ಕಾಲಷ್ಟೇ ಎದ್ದದ್ದು, ಹುಲುಗ ಏಳಲಿಲ್ಲ. ಅದು ಅವನಿಗೇ ತಿಳಿಯದಾಗ ನಿನಗೆ ಏನೆಂದು ಉತ್ತರ ಕೊಟ್ಟಾನು?

ಇಷ್ಟು ಬರೆಯಲು ಕಾರಣ ಮಾರಣ್ಣ ಕಾಕ. ನಾಳೆ ಅಮಾವಾಸ್ಯೆ. ತೆಲಿಗಿಯಿಂದ ನಾಟಿ ವೈದ್ಯ ಪಾಲಾಕ್ಷಪ್ಪನನ್ನು ಕರೆಸಿ ಹುಲುಗನ ಎರಡೂ ಪಾದಕ್ಕೆ ಬರೆ ಹಾಕಿಸುತ್ತಾನಂತೆ. ಮೊನ್ನೆ ಆ ಪಾಲಾಕ್ಷಪ್ಪ ಬಂದು ಜಾಲಿ ಮುಳ್ಳು ಚುಚ್ಚಿ ನೋಡಿ, "ಕಾಲಾಗ ಜೀವ ಐತಿ, ಮೈಗಳ್ಳತನ ಹೊಕ್ಕೈತಿ. ಕಾದ ಸರಳು ಇಟ್ರ ತಾನ ಎದ್ದು ಓಡತಾನ" ಎಂದ. ಡಾಕ್ಟರು ಹೇಳಿದ್ದನ್ನು ಹೇಳಿದರೆ ಕಾಕ, "ನೀ ಏಳನೇತ್ತ ಓದಿದಾಕಿ, ನನಗ ಹುರಿ ಹೇಳಾಕ ಬರ್ತಿ?" ಎಂದು ನಕ್ಕ. ಆ ಮರಕ್ಕೆ ಹುಲುಗನನ್ನು ಹತ್ತಿಸಿದವನು ಕಾಕನೇ, ನಿನಗೂ ಗೊತ್ತು. ಹುಲುಗನ ನೋವು ಸುಳ್ಳಾದರೆ ಅವನ ಮನಸ್ಸು ಹಗುರಾಗುತ್ತದೆ. ಅದಕ್ಕೇ ಈ ಅವಸರ ಎಂದು ನನ್ನ ಅನುಮಾನ.

ಇನ್ನೊಂದು ಅನುಮಾನವೂ ಇದೆ, ಬರೆಯಲು ಸಂಕೋಚ. "ನಾಗೇಂದ್ರನ ಒಪ್ಪಿಗಿ ಐತಿ, ಅವನ ಕಳಿಸ್ಯಾನ ನನ್ನ" ಎಂದು ಕಾಕ ಎಲ್ಲರೆದುರು ಹೇಳುತ್ತಿದ್ದಾನೆ. ಇರಲಾರದು ಎಂದು ಬೆಳಿಗ್ಗೆ ಅನ್ನಿಸುತ್ತದೆ, ಇದ್ದರೂ ಇರಬಹುದು ಎಂದು ಮಧ್ಯಾಹ್ನ ಅನ್ನಿಸುತ್ತದೆ. ನೀನು ಸಿಟ್ಟಿನವನು, ಕೇಡಿನವನಲ್ಲ. ಅವ್ವ ಇದ್ದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ನಾನು ನಿಂತರೆ ತಳ್ಳಿ ಒಳಗೆ ಬರುತ್ತಾರೆ. ನಿನ್ನ ಮಾತೊಂದೇ ಕಾಕನಿಗೆ ನಾಟುವುದು.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಮಕ್ಕಳ ತಲೆ ಸವರು. ಬಿಸಿಲಲ್ಲಿ ಬರಿಗಾಲಲ್ಲಿ ತಿರುಗಬೇಡ.

ನಿನ್ನ ತಂಗಿ,
ಮಾರೆಮ್ಮ

ಮರೆತಿದ್ದೆ: ಸಂಜೆಯ ಹಡಗಲಿ ಬಸ್ಸಿನ ಕಂಡಕ್ಟರ್ ಹಾಲಸ್ವಾಮಿ ಈ ಪತ್ರವನ್ನು ನಿನ್ನ ಮನೆಗೇ ಮುಟ್ಟಿಸುತ್ತೇನೆ ಎಂದಿದ್ದಾರೆ, ಬಸ್ಸು ಬರುವ ಹೊತ್ತಾಯಿತು. ಯಾರಿಗೆ ಬರೆಯುತ್ತಿದ್ದೀ ಎಂದು ಹುಲುಗ ಈಗ ಕೇಳಿದ. ಹೇಳಿದೆ. "ಕಾಕನ್ನ ತಡೀಬ್ಯಾಡಕ್ಕ, ಸುಡ್ಲಿ ಬಿಡು. ಅಣ್ಣಗ ನಂಬಿಕಿ ಬರೋದಾದ್ರ ನಾ ಹೂಂ ಅಂದೀನಿ ಕಾಕಗ" ಎಂದ. ಅವನಿಗೆ ನೋವಾಗುವುದಿಲ್ಲ, ಆದ್ದರಿಂದ ಅವನು ಕೂಗುವುದಿಲ್ಲ. ಅವನು ಕೂಗುವ ತನಕ ಅವರು ಸರಳು ತೆಗೆಯುವುದಿಲ್ಲ. ಆ ಕಾಲಿಗೆ ಸುಟ್ಟ ಗಾಯವಾದರೆ ಮಾಯುವುದು ಕಷ್ಟ, ನಂಜೇರಿ ಜೀವಕ್ಕೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಪಾಲಾಕ್ಷಪ್ಪ ನಾಳೆ ಹನ್ನೊಂದಕ್ಕೆ ಬರುತ್ತಾನೆ. ಹಡಗಲಿಯಿಂದ ಮೊದಲ ಬಸ್ಸು ಐದೂವರೆಗೆ ಇದೆ.